ಮೊಳದುದ್ದದ ಕೊಳವೆ, ಒಂದೇ ಉಸಿರು

ವೈಶಂಪಾಯನ ಸರೋವರದಲ್ಲಿ ಅಡಗಿ ಕುಳಿತ ದುರ್ಯೋಧನನಿಗೆ ಜಲಸ್ತಂಭನ ವಿದ್ಯೆ ಗೊತ್ತಿತ್ತು. ನಮ್ಮ ಹಳ್ಳಿಯ ಹುಡುಗರಿಗೆ ಆ ಮಂತ್ರ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಪಪ್ಪಾಯಿ ಎಲೆಯ ದಂಟು. ಬೇಸಿಗೆ ರಜೆಯಲ್ಲಿ ಕೆರೆಗಿಳಿದು, ಆ ಟೊಳ್ಳು ದಂಟಿನ ಒಂದು ತುದಿಯನ್ನು ಬಾಯಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ನೀರಿನ ಮೇಲಿಟ್ಟು ಮುಳುಗಿ ನೋಡಿದವರು ಅನೇಕರಿದ್ದಾರೆ. ತಲೆ ಮಾತ್ರ ಮುಳುಗಿರುವವರೆಗೆ ಆಟ ಚೆನ್ನಾಗಿಯೇ ಸಾಗುತ್ತದೆ. ಸ್ವಲ್ಪ ಕೆಳಗೆ ಹೋದರೆ ಸಾಕು, ಎದೆ ಬಿಗಿಯುತ್ತದೆ, ಉಸಿರೆಳೆಯಲು ಆಗುವುದಿಲ್ಲ, ಕೆಮ್ಮುತ್ತಾ ಮೇಲೆ ಬರಬೇಕಾಗುತ್ತದೆ. 'ದಂಟು ಗಿಡ್ಡವಾಯಿತು, ಇನ್ನೂ ಉದ್ದದ್ದು ಬೇಕಿತ್ತು' ಎಂದು ಹುಡುಗರು ತೀರ್ಮಾನಿಸುತ್ತಾರೆ.

ಆ ತೀರ್ಮಾನ ತಪ್ಪು. ಏಕೆ ತಪ್ಪು ಎಂಬುದು ತಿಳಿದರೆ, ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿರುವ ಬಣ್ಣಬಣ್ಣದ ಸ್ನಾರ್ಕೆಲ್‌ಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದೂ ತಾನಾಗಿ ತಿಳಿಯುತ್ತದೆ.

ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೋ, ರಜೆಯಲ್ಲಿ ಅಂಡಮಾನ್‌ಗೋ ಹೋಗಿಬಂದ ಮಕ್ಕಳು ಈಗ ಮನೆಯಲ್ಲಿ ಸ್ನಾರ್ಕೆಲ್ ಕೇಳುತ್ತಾರೆ. ಒಂದೇ ಉಸಿರಿನಲ್ಲಿ ಹತ್ತಾರು ಮೀಟರ್ ಇಳಿಯುವ 'ಫ್ರೀಡೈವಿಂಗ್', ಹಾಗೆ ಇಳಿದು ಈಟಿಯಿಂದ ಮೀನು ಹೊಡೆಯುವ 'ಸ್ಪಿಯರ್‌ಫಿಶಿಂಗ್' ಇವುಗಳ ಚಿತ್ರಗಳನ್ನು ನೋಡಿ ತಾವೂ ಪ್ರಯತ್ನಿಸಬೇಕೆಂದು ಆಸೆಪಡುತ್ತಾರೆ. ಆಸೆ ತಪ್ಪಲ್ಲ. ಆದರೆ ಈ ಆಟದ ನಿಯಮಗಳನ್ನು ಬರೆದಿರುವುದು ಭೌತಶಾಸ್ತ್ರ ಮತ್ತು ಶರೀರಶಾಸ್ತ್ರ. ಅವನ್ನು ಮೀರಿದವರಿಗೆ ಎರಡನೆಯ ಅವಕಾಶ ಸಿಗದೆ ಹೋಗಬಹುದು.

ಆನೆಗೆ ಆದೀತು, ನಮಗಾಗದು

ಕಬಿನಿಯ ಹಿನ್ನೀರಿನಲ್ಲಿ ಆನೆ ಈಜುವುದನ್ನು ಕಂಡವರಿಗೆ ಸ್ನಾರ್ಕೆಲ್‌ನ ಪಾಠ ಅರ್ಧ ಆದಂತೆಯೇ. ದೇಹವೆಲ್ಲ ಮುಳುಗಿ, ಸೊಂಡಿಲ ತುದಿ ಮಾತ್ರ ಮೇಲಿರುತ್ತದೆ. ಇದನ್ನು ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಗ್ರೀಸ್‌ನ ಅರಿಸ್ಟಾಟಲ್ ಗಮನಿಸಿದ್ದ. ಮುಳುಗುಗಾರರು ನೀರಿನ ಮೇಲಿನ ಗಾಳಿಯನ್ನು ಎಳೆದುಕೊಳ್ಳಲು ಬಳಸುವ ಸಾಧನಕ್ಕೆ ಅವನು ಆನೆಯ ಸೊಂಡಿಲನ್ನು ಹೋಲಿಸಿದ್ದಾನೆ. 'ಸ್ನಾರ್ಕೆಲ್' ಎಂಬ ಹೆಸರು ಮಾತ್ರ ತೀರಾ ಈಚಿನದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಮುಳುಗಿದ್ದಾಗಲೇ ಎಂಜಿನ್‌ಗೆ ಗಾಳಿ ಪಡೆಯಲು ಬಳಸಿದ ಕೊಳವೆಯಿಂದ ಅದು ಬಂದಿದೆ.

ಆನೆಯ ಶ್ವಾಸಕೋಶ ನೀರಿನ ಮಟ್ಟದಿಂದ ಸುಮಾರು ಎರಡು ಮೀಟರ್ ಕೆಳಗಿದ್ದರೂ ಅದು ಸೊಂಡಿಲಿನಿಂದ ಉಸಿರಾಡಬಲ್ಲದು. ಮನುಷ್ಯ ಎರಡು ಮೀಟರ್ ಉದ್ದದ ಕೊಳವೆ ಹಿಡಿದು ಅಷ್ಟೇ ಆಳಕ್ಕೆ ಹೋದರೆ? ಒಂದು ಲೆಕ್ಕ ಮಾಡಿ ನೋಡೋಣ.

ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಒಂದು ಮೀಟರ್ ಎತ್ತರದ ನೀರು ನಿಂತರೆ ಅದರ ತೂಕ 100 ಗ್ರಾಂ. ನಮ್ಮ ಎದೆಯ ಮುಂಭಾಗವನ್ನು ಅಂದಾಜು 30 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದ ಎಂದಿಟ್ಟುಕೊಳ್ಳಿ, 900 ಚದರ ಸೆಂ.ಮೀ. ಆಯಿತು. ಅಂದರೆ ಒಂದು ಮೀಟರ್ ಆಳದಲ್ಲಿ ಎದೆಯ ಮೇಲೆ ನೀರಿನ ಒತ್ತಡ 90 ಕಿಲೋ ಭಾರಕ್ಕೆ ಸಮ. ಕೊಳವೆಯ ಮೂಲಕ ಒಳಬರುವ ಗಾಳಿಯಾದರೋ ಮೇಲ್ಮೈಯ ಗಾಳಿ. ಅದಕ್ಕೆ ಈ ಹೆಚ್ಚುವರಿ ಒತ್ತಡವನ್ನು ಎದುರಿಸುವ ಶಕ್ತಿ ಇಲ್ಲ. ಪ್ರತಿ ಉಸಿರಿಗೂ ಎದೆಯ ಸ್ನಾಯುಗಳೇ ಆ ಭಾರವನ್ನು ಎತ್ತಬೇಕು. ಹೆಚ್ಚು ಹೊತ್ತು ಅದು ಸಾಧ್ಯವಿಲ್ಲ. ಹಟ ಹಿಡಿದರೆ ಶ್ವಾಸಕೋಶಕ್ಕೂ ಹೃದಯಕ್ಕೂ ಪೆಟ್ಟು.

ಹಾಗಾದರೆ ಆನೆ ಹೇಗೆ ಬದುಕುತ್ತದೆ? ನಮ್ಮಲ್ಲಿ ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವೆ ದ್ರವ ತುಂಬಿದ ತೆಳುವಾದ ಜಾಗವಿದೆ. ಅದರ ಗೋಡೆಗಳು ಬಹಳ ನಾಜೂಕು. ಆನೆಯಲ್ಲಿ ಆ ಜಾಗವೇ ಇಲ್ಲ, ಬದಲಿಗೆ ಗಟ್ಟಿ ಅಂಗಾಂಶ ತುಂಬಿಕೊಂಡಿದೆ. ಈ ವಿಚಿತ್ರ ರಚನೆಗೆ ಸೊಂಡಿಲಿನ ಸ್ನಾರ್ಕೆಲಿಂಗೇ ಕಾರಣವಿರಬೇಕು ಎಂದು ಉಸಿರಾಟದ ತಜ್ಞ ಜಾನ್ ವೆಸ್ಟ್ 2001ರಲ್ಲಿ ವಿವರಿಸಿದರು. ನೀರೊಳಗಿನ ಒತ್ತಡಕ್ಕೆ ರಕ್ತನಾಳಗಳು ಒಡೆಯದಂತೆ ಪ್ರಕೃತಿ ಆನೆಗೆ ಕವಚ ತೊಡಿಸಿದೆ. ನಮಗೆ ತೊಡಿಸಿಲ್ಲ.

ಹಳೆಯ ಗಾಳಿಯ ಲೆಕ್ಕ

ಉದ್ದದ ಕೊಳವೆಗೆ ಇನ್ನೊಂದು ಶಾಪವೂ ಇದೆ. ಸುಮ್ಮನೆ ಕುಳಿತಾಗ ದೊಡ್ಡವರು ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿ ಎಳೆಯುತ್ತಾರೆ. ಅದರಲ್ಲಿ ಸುಮಾರು 150 ಮಿ.ಲೀ. ಮೂಗು, ಗಂಟಲು, ಶ್ವಾಸನಾಳದಲ್ಲೇ ಉಳಿದು, ಕೆಲಸಕ್ಕೆ ಬಾರದೆ ಹೊರಗೆ ಹೋಗುತ್ತದೆ. ಮುಂದಿನ ಉಸಿರಿನಲ್ಲಿ ಮೊದಲು ಒಳಗೆ ಹೋಗುವುದು ಅಲ್ಲಿ ನಿಂತಿರುವ ಹಳೆಯ ಗಾಳಿ.

ಎರಡು ಸೆಂ.ಮೀ. ಒಳವ್ಯಾಸದ, 38 ಸೆಂ.ಮೀ. ಉದ್ದದ ಸ್ನಾರ್ಕೆಲ್ ಕಚ್ಚಿಕೊಂಡರೆ ಹಳೆಯ ಗಾಳಿ ನಿಲ್ಲಲು ಇನ್ನೂ 120 ಮಿ.ಲೀ. ಜಾಗ ಸೇರಿತು. ಈಗ 500ರಲ್ಲಿ ಹೊಸ ಗಾಳಿ 230 ಮಾತ್ರ. ಸ್ವಲ್ಪ ಆಳವಾಗಿ, ನಿಧಾನವಾಗಿ ಉಸಿರಾಡಿದರೆ ಈ ಕೊರತೆ ತುಂಬುತ್ತದೆ. ಆದರೆ ಕೊಳವೆಯನ್ನು ಒಂದು ಮೀಟರ್ ಉದ್ದ ಮಾಡಿ ನೋಡಿ. ಅದರಲ್ಲೇ 314 ಮಿ.ಲೀ. ನಿಲ್ಲುತ್ತದೆ. ಗಂಟಲಿನ 150 ಸೇರಿಸಿ ಕಳೆದರೆ ಹೊಸ ಗಾಳಿಗೆ ಉಳಿಯುವುದು 36 ಮಿ.ಲೀ.! ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಕುಡಿದಂತೆ.

ಅಗಲದ ಕೊಳವೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ವ್ಯಾಸ ಇಮ್ಮಡಿಯಾದರೆ ಒಳಗಿನ ಜಾಗ ನಾಲ್ಮಡಿಯಾಗುತ್ತದೆ. ತೀರಾ ಕಿರಿದಾದರೆ ಗಾಳಿ ಎಳೆಯುವುದೇ ಕಷ್ಟ. ಹೀಗಾಗಿ ಒಳ್ಳೆಯ ಸ್ನಾರ್ಕೆಲ್‌ಗಳೆಲ್ಲ ಸುಮಾರು ಎರಡು ಸೆಂ.ಮೀ. ವ್ಯಾಸ, ಮೊಳಕ್ಕಿಂತ ತುಸು ಕಡಿಮೆ ಉದ್ದ ಎಂಬ ಅಳತೆಯ ಆಸುಪಾಸಿನಲ್ಲೇ ಇರುತ್ತವೆ. ಮಕ್ಕಳ ಉಸಿರು ಚಿಕ್ಕದು. ಅವರಿಗೆ ಇದಕ್ಕಿಂತ ಚಿಕ್ಕ ಕೊಳವೆಯೇ ಬೇಕು. 'ಬೆಳೆಯುವ ಹುಡುಗ, ದೊಡ್ಡದನ್ನೇ ಕೊಡಿ' ಎಂದು ಅಂಗಿ ಕೊಂಡಂತೆ ಸ್ನಾರ್ಕೆಲ್ ಕೊಳ್ಳಬಾರದು.

ಅಂಗಡಿಯಲ್ಲಿ ನಾಲ್ಕು ಬಗೆ

ಮೊದಲನೆಯದು ಬರಿಯ ಕೊಳವೆ. ಇಂಗ್ಲಿಷ್‌ನ 'ಜೆ' ಅಕ್ಷರದಂತೆ ಬಾಗಿರುತ್ತದೆ. ತುದಿಯಲ್ಲಿ ಬಾಯಿಗೆ ಹಿಡಿಯುವ ರಬ್ಬರ್ ಅಥವಾ ಸಿಲಿಕೋನ್ ತುಂಡು. ಬೇರೇನೂ ಇಲ್ಲ.

ಎರಡನೆಯದಕ್ಕೆ ಬಾಯಿಯ ಕೆಳಗೆ ಒಂದು ವಾಲ್ವ್ ಇರುತ್ತದೆ. ಊದಿದರೆ ಒಳಗಿನ ನೀರು ಅಲ್ಲಿಂದ ಸುಲಭವಾಗಿ ಹೊರಹೋಗುತ್ತದೆ. ಕಲಿಯುವವರಿಗೆ ಅನುಕೂಲ. ಆದರೆ ವಾಲ್ವಿನಲ್ಲಿ ಮರಳಿನ ಒಂದು ಕಣ ಸಿಕ್ಕಿಕೊಂಡರೆ ಅಲ್ಲಿಂದಲೇ ನೀರು ಒಳಗೂ ಬರುತ್ತದೆ.

ಮೂರನೆಯದು 'ಡ್ರೈ' ಸ್ನಾರ್ಕೆಲ್. ತುದಿಯಲ್ಲಿ ತೇಲುವ ಮುಚ್ಚಳವಿದ್ದು, ಅಲೆ ಬಂದಾಗ ಮುಚ್ಚಿಕೊಳ್ಳುತ್ತದೆ. ನೀರಿನ ಮೇಲೆ ತೇಲುತ್ತಾ ಹವಳ ನೋಡುವ ಪ್ರವಾಸಿಗರಿಗೆ ಇದು ಹಿತ. ಮುಳುಗುವವರಿಗೆ ಕಿರಿಕಿರಿ; ಒಳಗೆ ಸಿಕ್ಕಿದ ಗಾಳಿ ಕೊಳವೆಯನ್ನು ಮೇಲಕ್ಕೆ ಎಳೆಯುತ್ತದೆ. ಮುಚ್ಚಳ ಕಚ್ಚಿಕೊಂಡರೆ ಬೇಕಾದ ಹೊತ್ತಿಗೆ ಗಾಳಿ ಬರುವುದಿಲ್ಲ.

ನಾಲ್ಕನೆಯದು 2014ರ ನಂತರ ಜನಪ್ರಿಯವಾದ, ಇಡೀ ಮುಖವನ್ನು ಮುಚ್ಚುವ ಮುಖವಾಡ. ಮೂಗಿನಲ್ಲೇ ಉಸಿರಾಡಬಹುದು ಎಂಬುದು ಇದರ ಆಕರ್ಷಣೆ. ಆದರೆ ಇದನ್ನು ತೊಟ್ಟು ಮುಳುಗಲೇಬಾರದು. ಕೆಳಗಿಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡವನ್ನು ಸರಿಪಡಿಸಬೇಕು. ಮೂಗೇ ಕೈಗೆ ಸಿಗದಿದ್ದರೆ ಕಿವಿಯ ತಮಟೆಗೆ ಅಪಾಯ. ಒಳಗಿನ ಕವಾಟಗಳು ಸರಿಯಾಗಿ ಕೆಲಸ ಮಾಡದಿದ್ದರೆ ಬಿಟ್ಟ ಉಸಿರು ಮುಖವಾಡದಲ್ಲೇ ಉಳಿಯುವ ಭಯವೂ ಇದೆ.

ಈಟಿ ಹಿಡಿದು ಇಳಿಯುವ ಅನುಭವಿಗಳು ಸಾಮಾನ್ಯವಾಗಿ ಆರಿಸುವುದು ಮೊದಲನೆಯದನ್ನು, ಎಲ್ಲಕ್ಕಿಂತ ಅಗ್ಗದ ಬರಿಯ ಕೊಳವೆಯನ್ನು! ಅದರಲ್ಲಿ ಕೆಡುವ ಭಾಗವಿಲ್ಲ. ಗಡಗಡ ಸದ್ದು ಮಾಡಿ ಮೀನನ್ನು ಬೆದರಿಸುವ ಮುಚ್ಚಳವಿಲ್ಲ. ಇಳಿಯುವಾಗ ನೀರನ್ನು ತಡೆದು ಎಳೆದಾಡುವುದಿಲ್ಲ. ಮೃದುವಾದ ಸಿಲಿಕೋನ್‌ನದಾದರೆ ಬಂಡೆಗೆ ತಗುಲಿದರೂ ಬಾಗುತ್ತದೆ. ಬಲಗೈಯವರು ಸಾಮಾನ್ಯವಾಗಿ ಅದನ್ನು ಎಡಗಡೆ ಸಿಕ್ಕಿಸಿಕೊಳ್ಳುತ್ತಾರೆ. ಬೇಟೆಗಾರರಿಗೆ ಕಪ್ಪು ಬಣ್ಣ ಇಷ್ಟ. ಕಲಿಯುವವರಿಗೆ ಮಾತ್ರ ತುದಿಯಲ್ಲಿ ಕಿತ್ತಳೆಯೋ ಹಳದಿಯೋ ಇರಲಿ. ದೋಣಿಯವರಿಗೂ ಜೊತೆಗಾರನಿಗೂ ಎದ್ದು ಕಾಣಬೇಕು.

ಇಳಿಯುವಾಗ ಬಾಯಿಂದ ತೆಗೆಯಿರಿ

ಹೊಸಬರಿಗೆ ಆಶ್ಚರ್ಯವಾಗುವ ಸಂಗತಿಯೊಂದಿದೆ. ಸ್ನಾರ್ಕೆಲ್ ಮುಳುಗುವುದಕ್ಕಲ್ಲ, ತೇಲುವುದಕ್ಕೆ. ಮುಖ ಕೆಳಗೆ ಮಾಡಿ ತೇಲುತ್ತಾ, ತಲೆ ಎತ್ತದೆ ಉಸಿರಾಡುತ್ತಾ, ತಳವನ್ನು ನೋಡುತ್ತಾ ವಿಶ್ರಾಂತಿ ಪಡೆಯಲು ಅದು ಬೇಕು. ಆಗ ಎದೆ ಕೆಲವೇ ಅಂಗುಲ ನೀರಿನಡಿ ಇರುವುದರಿಂದ ಉಸಿರಾಟ ನಡೆಯುತ್ತದೆ. ಇಳಿಯುವ ಮುನ್ನ ಕೊನೆಯ ಉಸಿರೆಳೆದು, ಕೊಳವೆಯನ್ನು ಬಾಯಿಂದ ಬಿಟ್ಟು, ತುಟಿ ಮುಚ್ಚಿ ಮುಳುಗುವುದು ಸರಿಯಾದ ಕ್ರಮ. ಬಾಯಲ್ಲೇ ಇಟ್ಟುಕೊಂಡರೆ ಗುಳ್ಳೆಗಳ ಸದ್ದಿಗೆ ಮೀನು ಓಡುತ್ತದೆ ಎಂಬುದು ಸಣ್ಣ ಕಾರಣ. ನೀರಿನಡಿ ಪ್ರಜ್ಞೆ ತಪ್ಪಿದರೆ ಬಾಯಲ್ಲಿರುವ ಕೊಳವೆ ನೀರು ಒಳನುಗ್ಗಲು ದಾರಿಯಾಗುತ್ತದೆ ಎಂಬುದು ದೊಡ್ಡ ಕಾರಣ.

ಪ್ರಜ್ಞೆ ಏಕೆ ತಪ್ಪುತ್ತದೆ? ತಂದೆತಾಯಂದಿರು ಮುಖ್ಯವಾಗಿ ಓದಬೇಕಾದ ಭಾಗ ಇದು. 'ಉಸಿರು ಬೇಕು' ಎಂಬ ತಳಮಳ ಹುಟ್ಟುವುದು ಮುಖ್ಯವಾಗಿ ಆಮ್ಲಜನಕ ಕಡಿಮೆಯಾದುದರಿಂದಲ್ಲ, ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಿದುದರಿಂದ. ಮುಳುಗುವ ಮುನ್ನ ಹತ್ತಾರು ಬಾರಿ ಬಿರುಬಿರನೆ ಉಸಿರಾಡಿದರೆ ಇಂಗಾಲದ ಡೈ ಆಕ್ಸೈಡ್ ಖಾಲಿಯಾಗುತ್ತದೆ. ಆಮ್ಲಜನಕವೇನೂ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಎಚ್ಚರಿಕೆಯ ಗಂಟೆಯ ನಾಲಗೆಯನ್ನು ನಾವೇ ಕಿತ್ತಂತಾಯಿತು. ಆಮ್ಲಜನಕ ಮುಗಿಯುತ್ತಾ ಬಂದರೂ ತಳಮಳವಾಗುವುದಿಲ್ಲ, ಹುಡುಗ 'ಇನ್ನೂ ಆರಾಮ' ಎಂದುಕೊಂಡಿರುತ್ತಾನೆ. ಮರುಕ್ಷಣ ಮೂರ್ಛೆ.

ಆಳದಿಂದ ಮೇಲೆ ಬರುವಾಗ ಅಪಾಯ ಇನ್ನೂ ಹೆಚ್ಚು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು. ಶ್ವಾಸಕೋಶದಲ್ಲಿ ಆಮ್ಲಜನಕ ಶೇ. 6ಕ್ಕೆ ಇಳಿದಿದ್ದರೂ ಅಲ್ಲಿ ಅದು ಶೇ. 12ರಂತೆ ಕೆಲಸ ಮಾಡುತ್ತದೆ. ಮೇಲೆ ಬಂದಂತೆ ಒತ್ತಡ ಇಳಿದು, ಅದು ಮತ್ತೆ 6ರ ಬೆಲೆಗೇ ಬರುತ್ತದೆ. ಮಿದುಳಿಗೆ ಅಷ್ಟು ಸಾಲದು. ಎಷ್ಟೋ ಮುಳುಗುಗಾರರು ಪ್ರಜ್ಞೆ ಕಳೆದುಕೊಂಡಿರುವುದು ತಳದಲ್ಲಲ್ಲ, ಮೇಲ್ಮೈಗೆ ಇನ್ನೇನು ತಲುಪಿದೆವು ಎನ್ನುವಾಗ.

ಇದಕ್ಕೆ ಸಮುದ್ರವೇ ಬೇಕೆಂದಿಲ್ಲ. ಈಜುಕೊಳದಲ್ಲಿ 'ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ನೋಡೋಣ' ಎಂಬ ಪಂದ್ಯದಲ್ಲೂ, ತೋಟದ ಬಾವಿಯಲ್ಲೂ ಹೀಗೆಯೇ ಆಗಬಹುದು. ಚೆನ್ನಾಗಿ ಈಜು ಬಲ್ಲವರಿಗೇ ಇದು ಹೆಚ್ಚಾಗಿ ಕಾಡುವುದು. ಬಾರದವರು ಅಷ್ಟು ಹೊತ್ತು ಮುಳುಗುವುದೇ ಇಲ್ಲವಲ್ಲ.

ದಕ್ಷಿಣ ಕೊರಿಯಾದ ಜೇಜು ದ್ವೀಪದಲ್ಲಿ 'ಹೇನ್ಯೋ' ಎಂಬ ಮಹಿಳೆಯರಿದ್ದಾರೆ. ಆಮ್ಲಜನಕದ ಸಿಲಿಂಡರ್ ಇಲ್ಲದೆ ಸುಮಾರು ಹತ್ತು ಮೀಟರ್ ಇಳಿದು ಚಿಪ್ಪುಜೀವಿಗಳನ್ನು ತರುವುದು ಅವರ ಕಸುಬು. 2016ರಲ್ಲಿ ಯುನೆಸ್ಕೋ ಇವರ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರಲ್ಲಿ ಅನೇಕರು ಅಜ್ಜಿಯರು. ಅವರ ಒಂದು ಮುಳುಗು ಸಾಮಾನ್ಯವಾಗಿ ಒಂದು ನಿಮಿಷದಷ್ಟು. ಮೇಲೆ ಬಂದಾಗ ಸಿಳ್ಳೆಯಂತೆ ಉಸಿರು ಬಿಟ್ಟು, ತೇಲುವ ಬುರುಡೆ ಹಿಡಿದು ದಣಿವಾರಿಸಿಕೊಂಡೇ ಮತ್ತೆ ಇಳಿಯುತ್ತಾರೆ. ಗುಂಪಾಗಿಯೇ ಕಡಲಿಗೆ ಹೋಗುತ್ತಾರೆ. ದಾಖಲೆ ಮುರಿಯುವ ಗೀಳು ಅವರಿಗಿಲ್ಲ. ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಗುರುಗಳು ಬೇಕೆ?

ಈಟಿಯ ಮಾತು

ಮೀನು ಹೊಡೆಯುವ ಈಟಿಬಂದೂಕು ಆಟಿಕೆಯಲ್ಲ. ಈ ಬೇಟೆ ಜನಪ್ರಿಯವಾಗಿರುವ ಫ್ರಾನ್ಸ್, ಇಟಲಿಗಳಲ್ಲಿ 16 ವರ್ಷ ತುಂಬದವರಿಗೆ ಅದನ್ನು ಬಳಸಲು ಅವಕಾಶವಿಲ್ಲ. ಸಿಲಿಂಡರ್ ಹೊತ್ತು ಬೇಟೆಯಾಡುವುದಕ್ಕೂ ಅಲ್ಲಿ ನಿಷೇಧವಿದೆ. ಒಂದೇ ಉಸಿರು ಇರುವಷ್ಟು ಹೊತ್ತು ಮಾತ್ರ ಬೇಟೆ, ಉಳಿದ ಹೊತ್ತು ಮೀನಿನದು ಎಂಬ ನ್ಯಾಯ. ನಮ್ಮಲ್ಲಿ ಹವಳ, ಕಡಲಕುದುರೆಗಳಂಥ ಜೀವಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ನೇತ್ರಾಣಿಯ ಸುತ್ತಲಿನ ನೀರಿಗೆ ಇಳಿಯುವ ವಿದ್ಯಾರ್ಥಿಗೆ ಕಣ್ಣೇ ಸಾಕು, ಈಟಿ ಬೇಡ.

ಕೊಳ್ಳುವ ಮುನ್ನ

* ಬಾಯಿತುಂಡನ್ನು ಐದು ನಿಮಿಷ ಬಾಯಲ್ಲಿ ಹಿಡಿದು ನೋಡಿ. ಹಲ್ಲಿನಿಂದ ಬಿಗಿಯಾಗಿ ಕಚ್ಚದೆ ನಿಲ್ಲಬೇಕು. ವಸಡಿಗೆ ಒತ್ತಿದರೆ, ದವಡೆ ನೋಯ್ದರೆ ಬೇರೆಯದು ನೋಡಿ.

* ಜೋರಾಗಿ ಉಸಿರೆಳೆದು ಬಿಡಿ. ಗಾಳಿ ತಡೆದಂತೆ ಅನಿಸಬಾರದು.

* ವಾಲ್ವ್ ಇದ್ದರೆ, ಮೇಲಿನ ತುದಿಯನ್ನು ಅಂಗೈಯಿಂದ ಮುಚ್ಚಿ ಗಾಳಿ ಎಳೆಯಿರಿ. ಒಳಗೆ ಗಾಳಿ ಬಂದರೆ ಅದು ಸೋರುತ್ತದೆ.

* ಹೆಚ್ಚು ದುಡ್ಡಿದ್ದರೆ ಸ್ನಾರ್ಕೆಲ್‌ಗಲ್ಲ, ಮುಖಕ್ಕೆ ಸರಿಯಾಗಿ ಕೂರುವ ಮುಖವಾಡಕ್ಕೆ ಹಾಕಿ. ಪಟ್ಟಿ ಕಟ್ಟದೆ ಮುಖಕ್ಕಿಟ್ಟು ಮೂಗಿನಿಂದ ಮೆಲ್ಲಗೆ ಎಳೆದರೆ ಅದು ಅಂಟಿ ನಿಲ್ಲಬೇಕು.

* ಮೊದಲು ನಿಂತರೆ ಎದೆಮಟ್ಟ ಬರುವ ನೀರಿನಲ್ಲಿ, ಬಲ್ಲವರ ಎದುರು ಅಭ್ಯಾಸ. ಕೊಳವೆಗೆ ನೀರು ನುಗ್ಗಿದರೆ ಒಮ್ಮೆಲೇ ಬಲವಾಗಿ ಊದಿ ಹೊರಹಾಕುವುದನ್ನೂ, ಆಮೇಲಿನ ಮೊದಲ ಉಸಿರನ್ನು ಮೆಲ್ಲಗೆ ಎಳೆಯುವುದನ್ನೂ ಅಲ್ಲೇ ಕಲಿಯಲಿ.

* ಮುಳುಗುವ ಮುನ್ನ ಬಿರುಬಿರನೆ ಉಸಿರಾಡುವಂತಿಲ್ಲ. ಉಸಿರು ಹಿಡಿಯುವ ಪಂದ್ಯ ಬೇಡವೇ ಬೇಡ.

* ಇಬ್ಬರಿದ್ದರೆ ಒಬ್ಬ ಮುಳುಗಿದಾಗ ಇನ್ನೊಬ್ಬ ಮೇಲಿದ್ದು ನೋಡುತ್ತಿರಬೇಕು. ಅವನು ಮೇಲೆ ಬಂದ ಮೇಲೂ ಅರ್ಧ ನಿಮಿಷ ಕಣ್ಣು ತೆಗೆಯಬಾರದು. ಒಬ್ಬರೇ ಎಂದೂ ಇಳಿಯಬಾರದು.

ಇಷ್ಟು ತಿಳಿದ ಮೇಲೆ ಕೆರೆಯ ಹುಡುಗ ಪಪ್ಪಾಯಿ ದಂಟು ಹಿಡಿದು ಆಡಲಿ, ತಪ್ಪೇನಿಲ್ಲ. ದಡದಲ್ಲಿ ಈಜು ಬಲ್ಲ ದೊಡ್ಡವರೊಬ್ಬರು ನಿಂತಿರಲಿ. ಎದೆ ಬಿಗಿದು ಮೇಲೆ ಬಂದಾಗ 'ಇನ್ನೂ ಉದ್ದದ ದಂಟು ತರುತ್ತೇನೆ' ಎಂದು ಅವನು ಹೊರಟರೆ, ಹತ್ತಿರ ಕೂರಿಸಿಕೊಂಡು ಆ 90 ಕಿಲೋ ಲೆಕ್ಕವನ್ನು ಅವನಿಂದಲೇ ಮಾಡಿಸಿ.