ಒಂಬತ್ತನೇ ಪ್ರಶ್ನೆಗೆ ಆ್ಯಪ್‌ ಬಳಿ ಉತ್ತರವಿರಲಿಲ್ಲ

ಬಿಇ ಮೊದಲ ಸೆಮಿಸ್ಟರ್‌ಗೆ ಸೇರಿದಾಗ ನನ್ನ ತೂಕ 74 ಕೆ.ಜಿ. ನಾಲ್ಕನೇ ಸೆಮಿಸ್ಟರ್‌ ಮುಗಿಯುವ ಹೊತ್ತಿಗೆ 96. ತೂಕ ಏರಿದ್ದು ಎಲ್ಲರ ಕಣ್ಣಿಗೂ ಬಿತ್ತು. ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲು ಮನಸ್ಸೇ ಬರುತ್ತಿಲ್ಲ, ಎರಡು ಸಬ್ಜೆಕ್ಟ್‌ ಬ್ಯಾಕ್‌ ಉಳಿದಿವೆ, ಗೆಳೆಯರ ಜೊತೆ ಟೀ ಕುಡಿಯಲು ಹೋಗುವುದನ್ನೂ ಬಿಟ್ಟಿದ್ದೇನೆ ಎಂಬುದು ಮಾತ್ರ ಯಾರಿಗೂ ಕಾಣಲಿಲ್ಲ.

ಹಾಸ್ಟೆಲ್‌ನಲ್ಲಿ ನನ್ನ ಹೆಸರು ‘ಡುಮ್ಮ’ ಆಯಿತು. ರಜೆಗೆ ದಾವಣಗೆರೆಗೆ ಹೋದಾಗ ಅಮ್ಮ, ‘ಹಾಸ್ಟೆಲ್‌ ಊಟ ಮೈಗೆ ಹತ್ತೈತಿ ಬಿಡು’ ಎಂದು ನಕ್ಕಳು. ಅಪ್ಪ, ‘ದಿನಾ ಗ್ರೌಂಡ್‌ನಾಗ ನಾಕು ರೌಂಡ್‌ ಓಡು, ಎಲ್ಲಾ ಸರಿ ಹೋಗತೈತಿ’ ಎಂದರು. ನಾನು ಓಡಲಿಲ್ಲ. ಎಂಜಿನಿಯರಿಂಗ್‌ ವಿದ್ಯಾರ್ಥಿ ಅಲ್ಲವೇ, ಮೊಬೈಲ್‌ಗೆ ಕ್ಯಾಲರಿ ಲೆಕ್ಕದ ಆ್ಯಪ್‌ ಹಾಕಿಕೊಂಡೆ. ಮಿತಿ ಮೀರಿ ತಿಂದ ದಿನ ಅದರಲ್ಲಿ ಕೆಂಪು ಪಟ್ಟಿ ಮೂಡುತ್ತಿತ್ತು. ಸತತ ಹನ್ನೆರಡು ದಿನ ಕೆಂಪು. ಹದಿಮೂರನೇ ದಿನ ಆ್ಯಪನ್ನೇ ತೆಗೆದುಹಾಕಿದೆ. ಆ ರಾತ್ರಿ ಗೇಟ್‌ ಎದುರಿನ ಗಾಡಿಯಲ್ಲಿ ಒಬ್ಬನೇ ನಿಂತು ಎರಡು ಪ್ಲೇಟ್‌ ಗೋಬಿ ಮಂಚೂರಿ ತಿಂದೆ. ಹಸಿವಿಗಲ್ಲ, ಬೇಜಾರಿಗೆ.

ಎರಡೂ ಕಡೆಯಿಂದ ಬರುವ ರಸ್ತೆ

ಆಮೇಲೆ ಓದಿದಾಗ ತಿಳಿಯಿತು, ಇದು ನನ್ನೊಬ್ಬನ ಕಥೆಯಲ್ಲ. ನೆದರ್ಲೆಂಡ್ಸ್‌ನ ಸಂಶೋಧಕರು ದೀರ್ಘಕಾಲ ನಡೆದ 15 ಅಧ್ಯಯನಗಳನ್ನು ಒಟ್ಟುಗೂಡಿಸಿ, 58 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಪರಿಶೀಲಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಬೊಜ್ಜು ಇರುವವರಿಗೆ ಮುಂದೆ ಖಿನ್ನತೆ ಬರುವ ಅಪಾಯ ಶೇ 55ರಷ್ಟು ಹೆಚ್ಚು. ಖಿನ್ನತೆ ಇರುವವರಿಗೆ ಮುಂದೆ ಬೊಜ್ಜು ಬರುವ ಅಪಾಯ ಶೇ 58ರಷ್ಟು ಹೆಚ್ಚು. ಅಂದರೆ ಇದು ಒನ್‌ ವೇ ಅಲ್ಲ.

ಕಾರಣಗಳು ಹಲವು. ಖಿನ್ನತೆಯಲ್ಲಿ ನಿದ್ದೆ ಕೆಡುತ್ತದೆ, ಓಡಾಟ ಕಡಿಮೆಯಾಗುತ್ತದೆ, ಕೆಲವರಿಗೆ ಹಸಿವೇ ಸತ್ತುಹೋದರೆ ಇನ್ನು ಕೆಲವರಿಗೆ ಸಿಹಿ, ಕರಿದ ತಿಂಡಿಯ ಮೇಲೇ ಆಸೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ತೂಕ ಏರಬಹುದು (ಹಾಗೆಂದು ಮಾತ್ರೆಯನ್ನು ನಾವೇ ನಿಲ್ಲಿಸಬಾರದು, ವೈದ್ಯರಿಗೆ ಹೇಳಬೇಕು). ಇನ್ನೊಂದು ಕಡೆಯಿಂದ, ದಪ್ಪಗಿರುವವರು ದಿನವೂ ಕೇಳುವ ತಮಾಷೆ, ಬಸ್ಸಿನಲ್ಲಿ ಪಕ್ಕದವರ ನೋಟ, ಬಟ್ಟೆ ಅಂಗಡಿಯಲ್ಲಿ ‘ನಿಮ್ಮ ಸೈಜ್‌ ಇಲ್ಲ ಸರ್‌’ ಎಂಬ ಮಾತು ಮನಸ್ಸನ್ನು ಕುಗ್ಗಿಸುತ್ತವೆ.

ಸಂಖ್ಯೆಯೂ ಚಿಕ್ಕದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಮಹಿಳೆಯರಲ್ಲಿ ಶೇ 24, ಪುರುಷರಲ್ಲಿ ಶೇ 22.9 ಮಂದಿ ಅಧಿಕ ತೂಕ ಅಥವಾ ಬೊಜ್ಜಿನವರು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದು ಬಿಎಂಐ. ನನ್ನದು 96 ಭಾಗಿಸು 1.73ರ ವರ್ಗ, ಅಂದರೆ 32.

‘ಟೆಸ್ಟ್‌ ಡೇಟಾನಾ, ನಿಂದಾ?’

ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ‘ತೂಕ ಇಳಿಸುವ ಆ್ಯಪ್‌ ಮಾಡೋಣ’ ಎಂದಿದ್ದು ನಾನೇ. ನಾಲ್ವರ ತಂಡ. ಹೆಜ್ಜೆ ಲೆಕ್ಕ, ಊಟದ ಲೆಕ್ಕ, ನೀರಿನ ಲೆಕ್ಕ, ತಪ್ಪಿದರೆ ನೋಟಿಫಿಕೇಷನ್‌. ಮೊದಲ ರಿವ್ಯೂನಲ್ಲಿ ಗೈಡ್‌ ಮೇಡಂ ಎಲ್ಲ ನೋಡಿ, ‘ಈ ಮನುಷ್ಯನ ತೂಕ ಯಾಕೆ ಏರಿತು ಅಂತ ನಿಮ್ಮ ಆ್ಯಪ್‌ ಎಲ್ಲಿ ಕೇಳುತ್ತದೆ?’ ಎಂದರು. ನಾವು ಮುಖ ಮುಖ ನೋಡಿಕೊಂಡೆವು.

ಹುಡುಕುತ್ತಾ ಸಿಕ್ಕಿದ್ದು ‘ಪಿಎಚ್‌ಕ್ಯು–9’. ಖಿನ್ನತೆಯ ಲಕ್ಷಣಗಳನ್ನು ಗುರುತಿಸಲು ವೈದ್ಯರು ಜಗತ್ತಿನಾದ್ಯಂತ ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿ. ಉಚಿತ, ಕನ್ನಡದಲ್ಲೂ ಇದೆ. ಕಳೆದ ಎರಡು ವಾರಗಳಲ್ಲಿ ಆಸಕ್ತಿ, ನಿದ್ದೆ, ಸುಸ್ತು, ಏಕಾಗ್ರತೆ ಹೇಗಿತ್ತು ಎಂದು ಕೇಳುತ್ತದೆ. ಪ್ರತಿ ಉತ್ತರಕ್ಕೆ 0ಯಿಂದ 3 ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ಮುಂದಿನ ಪರೀಕ್ಷೆ ಮಾಡುತ್ತಾರೆ. ಅದರ ಐದನೇ ಪ್ರಶ್ನೆ ಊಟದ ಬಗ್ಗೆ: ಹಸಿವಾಗುತ್ತಿಲ್ಲವೇ, ಅತಿಯಾಗಿ ತಿನ್ನುತ್ತಿದ್ದೀರಾ? ಮನಸ್ಸಿನ ಪರೀಕ್ಷೆ ಊಟದ ಬಗ್ಗೆ ಕೇಳುತ್ತದೆ. ನಾನು ಹಾಕಿಕೊಂಡಿದ್ದ ಊಟದ ಆ್ಯಪ್‌ ಮನಸ್ಸಿನ ಬಗ್ಗೆ ಒಮ್ಮೆಯೂ ಕೇಳಿರಲಿಲ್ಲ.

ಪ್ರಶ್ನೆಗಳನ್ನು ಆ್ಯಪ್‌ಗೆ ಸೇರಿಸಿದೆವು. ಒಂದು ರಾತ್ರಿ ಲ್ಯಾಬ್‌ನಲ್ಲಿ ಟೆಸ್ಟಿಂಗ್‌ ಮಾಡುವಾಗ ನಾನು ಸುಳ್ಳು ಉತ್ತರ ತುಂಬುವ ಬದಲು ನಿಜ ತುಂಬಿದೆ. ಒಂಬತ್ತನೇ ಪ್ರಶ್ನೆ, ಬದುಕಿರುವುದೇ ಬೇಡ ಎಂಬ ಯೋಚನೆ ಬಂದಿತ್ತೇ ಎಂಬುದು. ಅಲ್ಲಿ 0 ಒತ್ತಲಿಲ್ಲ, 1 ಒತ್ತಿದೆ. ನಮ್ಮ ಆ್ಯಪ್‌ ಒಂಬತ್ತೂ ಅಂಕ ಕೂಡಿಸಿ, ‘ನಿಮ್ಮ ಸ್ಕೋರ್‌ 14. ಮಾಹಿತಿ ಸೇವ್‌ ಆಗಿದೆ. ಇಂದಿನ ಗುರಿ: 6,000 ಹೆಜ್ಜೆ’ ಎಂದು ತೋರಿಸಿತು, ಹಸಿರು ಬಣ್ಣದಲ್ಲಿ. ಆ ಸಾಲನ್ನು ಬರೆದವನು ನಾನೇ.

ಪಕ್ಕದ ಸಿಸ್ಟಂನಲ್ಲಿ ಡೇಟಾಬೇಸ್‌ ನೋಡುತ್ತಿದ್ದ ನನ್ನ ರೂಮ್‌ಮೇಟ್‌ಗೆ ಆ ಸಾಲು ಕಂಡಿತು. ಅವನು ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಮೆಲ್ಲಗೆ ಕೇಳಿದ: ‘ಮಗಾ, ಇದು ಟೆಸ್ಟ್‌ ಡೇಟಾನಾ, ನಿಂದಾ?’

ಸುಳ್ಳು ಹೇಳಬಹುದಿತ್ತು. ಯಾಕೋ ಹೇಳಲಿಲ್ಲ. ಆ ರಾತ್ರಿ ಅವನು ನನ್ನನ್ನು ಒಂಟಿಯಾಗಿ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ಕೂತು ಟೆಲಿ ಮಾನಸ್‌ಗೆ ಕರೆ ಮಾಡಿದೆವು. ಅವರ ಸಲಹೆಯಂತೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿ ಹೋದೆ. ಆ ವೈದ್ಯರು ಮೊದಲ ದಿನ ತೂಕದ ಬಗ್ಗೆ ಬೈಯಲೇ ಇಲ್ಲ. ‘ನಿದ್ದೆ ಹೇಗಪ್ಪಾ?’ ಎಂದು ಶುರುಮಾಡಿದರು.

ಎರಡಕ್ಕೂ ಒಂದೇ ಚಿಕಿತ್ಸೆ

ಬೊಜ್ಜಿಗೊಬ್ಬರು, ಮನಸ್ಸಿಗೊಬ್ಬರು ಎಂದು ಎರಡು ಬಾಗಿಲು ತಟ್ಟುವ ಬದಲು ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಟ್ಟರೆ ಹೇಗೆ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಪರೀಕ್ಷಿಸಿದ ಪ್ರಯೋಗದ ಹೆಸರು ‘ರೇನ್‌ಬೋ’. ಸಂಶೋಧಕಿ ಜುನ್‌ ಮಾ ನೇತೃತ್ವದ ತಂಡ ಇದರ ಫಲಿತಾಂಶವನ್ನು 2019ರ ಮಾರ್ಚ್‌ನಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿತು. ಬೊಜ್ಜು ಮತ್ತು ಖಿನ್ನತೆ ಎರಡೂ ಇದ್ದ 409 ಮಂದಿ ಅದರಲ್ಲಿದ್ದರು. ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ತರಬೇತಿ ಪಡೆದ ಒಬ್ಬ ಆರೋಗ್ಯ ಮಾರ್ಗದರ್ಶಕರ ಜೊತೆ ಒಂಬತ್ತು ಭೇಟಿ, ಮನೆಯಲ್ಲೇ ನೋಡುವ ಹನ್ನೊಂದು ವಿಡಿಯೊ ಪಾಠ, ಆಮೇಲೆ ತಿಂಗಳಿಗೊಂದು ಫೋನ್‌ ಕರೆ. ಅಗತ್ಯ ಇದ್ದವರಿಗೆ ಖಿನ್ನತೆಯ ಮಾತ್ರೆ.

ಅದರ ತಿರುಳು ‘ಸಮಸ್ಯೆ ಬಿಡಿಸುವ ಚಿಕಿತ್ಸೆ’. ನಮಗೆ ಇದು ಹೊಸದೇನಲ್ಲ, ಡೀಬಗ್ಗಿಂಗ್‌ ಇದ್ದಂತೆ. ಸಮಸ್ಯೆಯನ್ನು ಸ್ಪಷ್ಟವಾಗಿ ಹೇಳು, ಗುರಿ ಇಡು, ಸಾಧ್ಯವಿರುವ ದಾರಿಗಳನ್ನೆಲ್ಲ ಬರೆ, ಒಳಿತು ಕೆಡುಕು ತೂಗು, ಒಂದನ್ನು ಆರಿಸು, ಮಾಡಿ ನೋಡು, ಏನಾಯಿತೆಂದು ಪರಿಶೀಲಿಸು.

ನನ್ನದೇ ಉದಾಹರಣೆ ಕೊಡುತ್ತೇನೆ. ‘ತೂಕ ಇಳಿಸಬೇಕು’ ಎಂಬುದು ಆಸೆ ಅಷ್ಟೆ. ‘ಮೆಸ್‌ ಊಟ ಏಳೂವರೆಗೆ, ಮಲಗುವುದು ಎರಡು ಗಂಟೆಗೆ, ಹನ್ನೊಂದಕ್ಕೆ ಕೋಣೆಯಲ್ಲಿ ಒಬ್ಬನೇ ಇರುವಾಗ ಗಾಡಿಗೆ ಹೋಗುತ್ತೇನೆ’ ಎಂಬುದು ಸಮಸ್ಯೆ. ದಾರಿಗಳು: ಬೇಗ ಮಲಗುವುದು, ಕೋಣೆಯಲ್ಲಿ ಹುರಿಗಡಲೆ, ಬಾಳೆಹಣ್ಣು ಇಟ್ಟುಕೊಳ್ಳುವುದು, ಆ ಹೊತ್ತಿಗೆ ಗೆಳೆಯನ ಕೋಣೆಗೆ ಓದಲು ಹೋಗುವುದು. ಕೊನೆಯದನ್ನು ಆರಿಸಿದೆ. ಮೊದಲ ವಾರ ಏಳರಲ್ಲಿ ನಾಲ್ಕು ರಾತ್ರಿ ಸಾಧ್ಯವಾಯಿತು. ಹಳೆಯ ಆ್ಯಪ್‌ ಆಗಿದ್ದರೆ ಮೂರು ಕೆಂಪು ಪಟ್ಟಿ ಎಣಿಸುತ್ತಿತ್ತು. ಇಲ್ಲಿ ಕೇಳಿದ್ದು, ‘ಆ ಮೂರು ರಾತ್ರಿ ಏನಾಗಿತ್ತು?’

ರೇನ್‌ಬೋದಲ್ಲಿ ಒಂದು ವರ್ಷದ ನಂತರ ಏನಾಯಿತು? ಹೊಸ ಚಿಕಿತ್ಸೆ ಪಡೆದವರ ಸರಾಸರಿ ಬಿಎಂಐ 36.7ರಿಂದ 35.9ಕ್ಕೆ ಇಳಿಯಿತು. ಉಳಿದವರದು 36.6ರಲ್ಲೇ ನಿಂತಿತು. ಖಿನ್ನತೆಯ ಅಂಕ ಮೊದಲ ಗುಂಪಿನಲ್ಲಿ 1.5ರಿಂದ 1.1ಕ್ಕೆ ಇಳಿದರೆ ಎರಡನೆಯದರಲ್ಲಿ 1.4ಕ್ಕೆ ಮಾತ್ರ. ಬಿಎಂಐಯಲ್ಲಿ 0.8 ಇಳಿಕೆ ಎಂದರೆ ನನ್ನ ಎತ್ತರದವನಿಗೆ ಸುಮಾರು ಎರಡೂವರೆ ಕೆ.ಜಿ. ಇಷ್ಟೇನಾ ಎನಿಸಬಹುದು. ಸಂಶೋಧಕರೇ ಇದು ಸಾಧಾರಣ ಪರಿಣಾಮ ಎಂದು ಒಪ್ಪಿಕೊಂಡಿದ್ದಾರೆ. ‘30 ದಿನದಲ್ಲಿ 10 ಕೆ.ಜಿ.’ ಎಂಬ ಜಾಹೀರಾತುಗಳ ನಡುವೆ ಈ ಪ್ರಾಮಾಣಿಕತೆ ನನಗೆ ಸಮಾಧಾನ ಕೊಟ್ಟಿತು.

ಯಂತ್ರ ಎಲ್ಲಿಯವರೆಗೆ?

ಜುನ್‌ ಮಾ ಮತ್ತು ಮನೋವೈದ್ಯ ಒಲುಸೋಲಾ ಅಜಿಲೋರೆ ಅವರ ತಂಡ ಆನಂತರ ಅದೇ ‘ಸಮಸ್ಯೆ ಬಿಡಿಸುವ ಚಿಕಿತ್ಸೆ’ಯನ್ನು ಅಲೆಕ್ಸಾ ಬಾಯಲ್ಲಿ ಹೇಳಿಸುವ ‘ಲುಮೆನ್‌’ ಎಂಬ ಧ್ವನಿ ಸಹಾಯಕವನ್ನು ರೂಪಿಸಿತು. ಖಿನ್ನತೆ ಅಥವಾ ಆತಂಕ ಇದ್ದ 63 ಮಂದಿಯ ಸಣ್ಣ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು, ಭರವಸೆ ಮೂಡಿಸುವಂತಿತ್ತು. 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ‘ರಿಜಾಯ್ನ್‌’ ಎಂಬ ಆ್ಯಪ್‌ಗೆ ಅನುಮತಿ ಕೊಟ್ಟಿತು. ವೈದ್ಯರ ಚೀಟಿ ಇದ್ದರಷ್ಟೇ ಸಿಗುವ ಖಿನ್ನತೆಯ ಆ್ಯಪ್‌ ಅದು. ಆದರೆ ಅದು 22 ವರ್ಷ ದಾಟಿದ, ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ, ಚಿಕಿತ್ಸೆಯ ಜೊತೆಗೆ. ಚಿಕಿತ್ಸೆಯ ಬದಲಿಗೆ ಅಲ್ಲ.

ಇವೆಲ್ಲ ಓದಿದ ಮೇಲೆ ನಮ್ಮ ಆ್ಯಪ್‌ ದೊಡ್ಡದಾಗಲಿಲ್ಲ, ಚಿಕ್ಕದಾಯಿತು. ಕೆಂಪು ಬಣ್ಣ ತೆಗೆದೆವು. ಮೂರು ದಿನ ತೆರೆಯದಿದ್ದರೆ ‘ಗುರಿ ತಪ್ಪಿದೆ’ ಎನ್ನುವ ಬದಲು ‘ಹೇಗಿದ್ದೀರಿ?’ ಎಂದು ಮಾತ್ರ ಕೇಳುತ್ತದೆ. ಉತ್ತರಗಳು ಬಳಕೆದಾರರ ಫೋನಿನಲ್ಲೇ ಉಳಿಯುತ್ತವೆ. ಒಂಬತ್ತನೇ ಪ್ರಶ್ನೆಗೆ 0 ಬಿಟ್ಟು ಬೇರೇನು ಒತ್ತಿದರೂ ಹೆಜ್ಜೆ, ಕ್ಯಾಲರಿ, ಸ್ಕೋರ್‌ ಎಲ್ಲವೂ ಮರೆಯಾಗಿ ಒಂದೇ ಬಟನ್‌ ಉಳಿಯುತ್ತದೆ: 14416ಕ್ಕೆ ಕರೆ. ವೈವಾದಲ್ಲಿ ಪರೀಕ್ಷಕರು, ‘ಫೀಚರ್‌ ತುಂಬಾ ಕಡಿಮೆ ಆಯ್ತಲ್ಲ?’ ಎಂದರು. ಅಂಕವೂ ಕಡಿಮೆಯೇ ಬಂತು. ಬೇಸರವಾಗಲಿಲ್ಲ.

14416 ಟೆಲಿ ಮಾನಸ್‌ ಸಂಖ್ಯೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ 10ರಂದು ಆರಂಭಿಸಿದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್‌ ಮುಖ್ಯ ಕೇಂದ್ರ. ತಾಂತ್ರಿಕ ನೆರವು ಬೆಂಗಳೂರಿನದೇ ಐಐಐಟಿಯದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಾನು ಕರೆ ಮಾಡಿದಾಗ ಮೊದಲ ಎರಡು ನಿಮಿಷ ಮಾತೇ ಹೊರಡಲಿಲ್ಲ. ಆ ಕಡೆಯಿಂದ, ‘ಪರವಾಗಿಲ್ಲ, ನಿಧಾನವಾಗಿ ಹೇಳಿ, ನಾನು ಇದ್ದೀನಿ’ ಎಂದರು. ನಮ್ಮ ಕೋಡ್‌ನಲ್ಲಿ ಆ ಸಾಲು ಬರೆಯುವುದು ಸುಲಭ. ಅದನ್ನು ಹೇಳಿ ಸುಮ್ಮನೆ ಕಾಯುವ ಮನುಷ್ಯರನ್ನು ಬರೆಯಲಾಗದು.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಈ ಕ್ಷೇತ್ರಕ್ಕೆ ಕೋಡ್‌ ಬರೆಯುವವರು ಬೇಕು, ಮನಶ್ಶಾಸ್ತ್ರ ಓದಿದವರು ಬೇಕು, ಕನ್ನಡದಲ್ಲಿ ನೆಟ್ಟಗೆ ಪ್ರಶ್ನೆ ಕೇಳಬಲ್ಲವರೂ ಬೇಕು. ‘ಡಿಪ್ರೆಷನ್‌ ಇದೆಯಾ?’ ಎಂದರೆ ನಮ್ಮೂರಲ್ಲಿ ಯಾರೂ ಹೌದೆನ್ನುವುದಿಲ್ಲ. ‘ಯಾಕೋ ಯಾವುದರಲ್ಲೂ ಮನಸ್ಸಿಲ್ಲವಾ?’ ಎಂದು ಕೇಳಿದರೆ ಹೇಳುತ್ತಾರೆ.

ನನ್ನ ತೂಕ ಈಗ 91. ಪವಾಡವೇನೂ ಆಗಿಲ್ಲ. ಒಂದು ಬ್ಯಾಕ್‌ ತೆಗೆದಿದ್ದೇನೆ, ಇನ್ನೊಂದು ಉಳಿದಿದೆ. ಚಿಕಿತ್ಸೆ ಮುಂದುವರಿದಿದೆ. ಹಾಸ್ಟೆಲ್‌ನಲ್ಲಿ ಕೆಲವರು ಇನ್ನೂ ‘ಡುಮ್ಮ’ ಎನ್ನುತ್ತಾರೆ, ನನ್ನ ರೂಮ್‌ಮೇಟ್‌ ಮಾತ್ರ ಹೆಸರು ಹಿಡಿದು ಕರೆಯುತ್ತಾನೆ. ನಿಮ್ಮ ಗುಂಪಿನಲ್ಲೂ ದಪ್ಪಗಾಗುತ್ತಾ, ಹಾಗೆಯೇ ಮೌನವಾಗುತ್ತಾ ಹೋಗುತ್ತಿರುವ ಒಬ್ಬರು ಇರಬಹುದು. ಅವರಿಗೆ ಡಯೆಟ್‌ ಚಾರ್ಟ್‌ ಕಳಿಸುವ ಮೊದಲು ಪಕ್ಕದಲ್ಲಿ ಕೂತು, ಹೇಗಿದ್ದೀಯ ಎಂದು ಒಮ್ಮೆ ಕೇಳಿ. ಉತ್ತರ ಬರುವವರೆಗೂ ಕಾಯಿರಿ.