ಹಾಡು ಕಟ್ಟಿದವರದ್ದೋ, ಕಾಸು ಕೊಟ್ಟವರದ್ದೋ?

ಇದು ಹಿಂದೂಪುರದ ಹತ್ತಿರದ ಲೇಪಾಕ್ಷಿ, ವೀರಭದ್ರನ ಗುಡಿ. ನಾಟ್ಯಮಂಟಪದ ಕಂಬ ನೋಡಿ: ರಂಭೆ ಕುಣೀತಿದ್ದಾಳೆ, ತುಂಬುರ ವೀಣೆ ಹಿಡಿದಿದ್ದಾನೆ, ಬ್ರಹ್ಮ ಮದ್ದಳೆ ಬಾರಿಸ್ತಿದ್ದಾನೆ. ಸುಮಾರು 500 ವರ್ಷದ ಕಛೇರಿ! ಇಲ್ಲಿನ ಕನ್ನಡ ಶಾಸನಗಳಲ್ಲಿ ದತ್ತಿ ಕೊಟ್ಟವರ ಲೆಕ್ಕ ಇದೆ. ಈ ಮೇಳದವರು ಮಾತ್ರ ಯಾವ ಕಂಪನಿಗೂ ಸಹಿ ಹಾಕಿದವರಲ್ಲ.

ಇಳಯರಾಜ ಅವರ ಕಥೆ ಬೇರೆ. ನಮ್ಮ ‘ಗೀತಾ’, ‘ನಮ್ಮೂರ ಮಂದಾರ ಹೂವೆ’ಗೆ ಸಂಗೀತ ಕೊಟ್ಟವರು. ತಮ್ಮ ಹಾಡು ಮಾರುತ್ತಿದ್ದ ಎಕೋ ಕಂಪನಿ, ಮಲೇಷ್ಯಾದ ಅಗಿ ಮ್ಯೂಸಿಕ್ ಜೊತೆ ಅವರ ಜಗಳ ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿತು. ಎಕೋ ವಾದ ಸರಳ: ನಿರ್ಮಾಪಕರಿಂದ ಹಕ್ಕು ಕೊಂಡಿದ್ದೀವಿ, ಮಾರ್ತೀವಿ.

ಅದು ಬರೀ ಬಾಯಿಮಾತಲ್ಲ. ದುಡ್ಡು ಕೊಟ್ಟು ಹಾಡು ಮಾಡಿಸಿದ ನಿರ್ಮಾಪಕನೇ ಮೊದಲ ಮಾಲೀಕ, ಬೇರೆ ಒಪ್ಪಂದ ಇಲ್ಲದಿದ್ದರೆ. ಹೀಗಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿತ್ತು. ಆದರೆ ಕ್ಯಾಸೆಟ್ ಕಾಲದ ಕಾಗದ ರಿಂಗ್‌ಟೋನಿಗೂ, ಯೂಟ್ಯೂಬಿಗೂ ಸಲ್ಲುತ್ತಾ? ತಕರಾರು ಶುರುವಾಗೋದೇ ಇಲ್ಲಿ.

2012ರಲ್ಲಿ ಕಾಯ್ದೆ ತಿದ್ದಿದರು. ಸಿನಿಮಾ ಹಾಡನ್ನು ಚಿತ್ರಮಂದಿರದ ಆಚೆ ಬಳಸಿದರೆ ಸಂಗೀತಗಾರನಿಗೂ ಕವಿಗೂ ರಾಯಧನದಲ್ಲಿ ಸಮಪಾಲು. ಆ ಪಾಲನ್ನು ಕಂಪನಿಗೆ ಬರೆದುಕೊಡೋ ಹಾಗೇ ಇಲ್ಲ. ವಾರಸುದಾರರಿಗೆ, ಇಲ್ಲವೇ ಹಕ್ಕುಸ್ವಾಮ್ಯ ಸಂಘಕ್ಕೆ ಮಾತ್ರ. ನನ್ನ ಕೇಳಿದರೆ, ಬಹಳ ತಡವಾಗಿ ಬಂದ ನ್ಯಾಯ.

2019ರ ಜೂನ್‌ನಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ನಿರ್ಮಾಪಕರಿಂದ ಎಕೋ ಪಡೆದ ಹಕ್ಕು ಉಳೀತು. ಇಳಯರಾಜ ಅವರಿಗೆ ತಮ್ಮ ಸಂಗೀತದ ಮೇಲಿನ ನೈತಿಕ ಹಕ್ಕೂ ಉಳೀತು. ಇಬ್ಬರೂ ಗೆದ್ದರಾ? ಹಾಗಂತ ಸುಮ್ಮನೆ ಕೂರಲಿಲ್ಲ, ಕೇಸು ಮೇಲ್ಮನವಿಗೆ ಹೋಯ್ತು.