ಬಾತುಕೋಳಿಯ ಮನೆಯಲ್ಲಿ ತಾಯಿ ಎಲ್ಲಿ?

ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಬಹುದಾದ ಚಿತ್ರಗಳ ಮಾತು ಬಂದರೆ ವಾಲ್ಟ್ ಡಿಸ್ನಿ ಸಂಸ್ಥೆಯ ಬಾತುಕೋಳಿಗಳನ್ನು ಬಿಡುವಂತಿಲ್ಲ. 1990ರ ದಶಕದಲ್ಲಿ ದೂರದರ್ಶನ ‘ಡಕ್ ಟೇಲ್ಸ್’ ಸರಣಿಯನ್ನು ಭಾನುವಾರಗಳಂದು ಹಿಂದಿಯಲ್ಲಿ ಪ್ರಸಾರ ಮಾಡಿದಾಗ ನಮ್ಮ ಮಕ್ಕಳಿಗೂ ಅವು ಪರಿಚಿತವಾದವು. ನಾಣ್ಯಗಳ ರಾಶಿಯಲ್ಲಿ ಈಜಾಡುವ ಮುದಿ ಜಿಪುಣ ಸ್ಕ್ರೂಜ್, ಅವನ ಬೆನ್ನಿಗೆ ಅಂಟಿಕೊಂಡೇ ಇರುವ ಹ್ಯೂಯಿ, ಡ್ಯೂಯಿ, ಲೂಯಿ ಎಂಬ ಮೂವರು ತುಂಟರು. ಇವರಿಗಿಂತ ಮೊದಲೇ ಪ್ರಸಿದ್ಧನಾಗಿದ್ದ ಮುಂಗೋಪಿ ಡೊನಾಲ್ಡ್ ಡಕ್ ಇದ್ದೇ ಇದ್ದಾನೆ. ಆದರೆ ಒಂದು ವಿಚಿತ್ರವಿದೆ. ಕುಟುಂಬಕ್ಕೆಂದೇ ತಯಾರಾದ ಈ ಚಿತ್ರಗಳಲ್ಲಿ ಕುಟುಂಬವೇ ಪೂರ್ತಿಯಾಗಿಲ್ಲ. ಆ ಮೂವರು ಹುಡುಗರಿಗೆ ತಾಯಿಯೂ ಕಾಣುವುದಿಲ್ಲ, ತಂದೆಯೂ ಕಾಣುವುದಿಲ್ಲ.

ಡೊನಾಲ್ಡ್ ಮೊದಲು ತೆರೆಗೆ ಬಂದದ್ದು 1934ರ ಜೂನ್ 9ರಂದು, ‘ದಿ ವೈಸ್ ಲಿಟಲ್ ಹೆನ್’ ಎಂಬ ಕಿರುಚಿತ್ರದಲ್ಲಿ. ಜೋಳ ಬಿತ್ತಲು ನೆರವಾಗು ಎಂದು ಕೋಳಿ ಕೇಳಿದರೆ ಹೊಟ್ಟೆನೋವಿನ ನೆಪ ಹೂಡುವ ಸೋಮಾರಿಯ ಪಾತ್ರ ಅವನದು. ಅದೇ ವರ್ಷದ ‘ಆರ್ಫನ್ಸ್ ಬೆನಿಫಿಟ್’ನಲ್ಲಿ ಸಿಟ್ಟಿನ ಡೊನಾಲ್ಡ್ ಹುಟ್ಟಿದ. ವೇದಿಕೆ ಮೇಲೆ ಪದ್ಯ ಹೇಳಲು ನಿಂತ ಅವನನ್ನು ಅನಾಥಾಲಯದ ಮಕ್ಕಳು ಗೇಲಿ ಮಾಡುತ್ತವೆ, ಅವನು ಕುಣಿದಾಡಿ ಕೂಗಾಡುತ್ತಾನೆ. ಆ ಹೊತ್ತಿಗೆ ಮಿಕ್ಕಿ ಮೌಸ್ ಮಕ್ಕಳ ಪಾಲಿಗೆ ಆದರ್ಶ ಪುರುಷನಾಗಿಬಿಟ್ಟಿದ್ದ. ಅವನಿಗೆ ಸಿಟ್ಟು ಬರುವಂತಿರಲಿಲ್ಲ, ಕೇಡು ಮಾಡುವಂತಿರಲಿಲ್ಲ. ಆ ಭಾರವೆಲ್ಲ ಬಾತುಕೋಳಿಯ ತಲೆಗೆ ಬಂತು. ಕ್ಲಾರೆನ್ಸ್ ನ್ಯಾಶ್ ಎಂಬ ಕಲಾವಿದರು 1985ರಲ್ಲಿ ತೀರಿಕೊಳ್ಳುವವರೆಗೂ ಅವನಿಗೆ ದನಿಯಾದರು. ಆ ದನಿಯಲ್ಲಿ ಅರ್ಧ ಮಾತು ತಿಳಿಯುವುದೇ ಇಲ್ಲ, ಸಿಟ್ಟು ಮಾತ್ರ ಪೂರ್ತಿ ತಿಳಿಯುತ್ತದೆ.

ಮೂವರು ಹುಡುಗರು ಬಂದದ್ದು ಆಮೇಲೆ. 1937ರ ಅಕ್ಟೋಬರಿನಲ್ಲಿ ಪತ್ರಿಕೆಗಳಲ್ಲಿ ಬರುತ್ತಿದ್ದ ಡೊನಾಲ್ಡನ ಚಿತ್ರಪಟ್ಟಿಯಲ್ಲಿ ಅವರ ಪ್ರವೇಶವಾಯಿತು. ಕಾರಣವೂ ತಮಾಷೆಯದೇ. ಅವರ ಅಪ್ಪನ ಕುರ್ಚಿಯ ಕೆಳಗೆ ದೊಡ್ಡ ಪಟಾಕಿಯೊಂದು ಸಿಡಿದು ಆತ ಆಸ್ಪತ್ರೆ ಸೇರಿದ್ದಾನೆ, ಅಲ್ಲಿಯವರೆಗೆ ಮಕ್ಕಳನ್ನು ನೋಡಿಕೋ ಎಂದು ಡೊನಾಲ್ಡನಿಗೆ ಕಾಗದ ಬರುತ್ತದೆ. ಪಟಾಕಿ ಇಟ್ಟವರು ಯಾರೆಂದು ಊಹಿಸುವುದು ಕಷ್ಟವಲ್ಲ. 1938ರ ‘ಡೊನಾಲ್ಡ್ಸ್ ನೆಫ್ಯೂಸ್’ ಚಿತ್ರದಲ್ಲಿ ಅವರನ್ನು ಕಳಿಸುವವಳು ಡೊನಾಲ್ಡನ ಸೋದರಿ. ಮೂರು ಗಾಲಿಯ ಸೈಕಲ್ ಏರಿ ಬಂದ ಹುಡುಗರು ಮನೆಯನ್ನೇ ರಣರಂಗ ಮಾಡುತ್ತಾರೆ. ಮಕ್ಕಳನ್ನು ಬೆಳೆಸುವುದು ಹೇಗೆಂಬ ಪುಸ್ತಕ ಹಿಡಿದು ಪ್ರಯೋಗಕ್ಕಿಳಿದ ಡೊನಾಲ್ಡ್ ಕೊನೆಗೆ ಆ ಪುಸ್ತಕವನ್ನೇ ಹರಿದು ಹಾಕುತ್ತಾನೆ.

ಇಂಗ್ಲಿಷಿನಲ್ಲಿ ಅವನು ಬರೀ ‘ಅಂಕಲ್’. ಕನ್ನಡದಲ್ಲಿ ಹಾಗೆ ಹೇಳಿ ಪಾರಾಗಲು ಬರುವುದಿಲ್ಲ. ಚಿಕ್ಕಪ್ಪನೋ ದೊಡ್ಡಪ್ಪನೋ ಮಾವನೋ ಹೇಳಲೇಬೇಕು. ಸೋದರಿಯ ಮಕ್ಕಳಾದ್ದರಿಂದ ಡೊನಾಲ್ಡ್ ಅವರಿಗೆ ಸೋದರಮಾವ. ವಂಶಾವಳಿಯ ಪ್ರಕಾರ ಸ್ಕ್ರೂಜ್ ಡೊನಾಲ್ಡನ ತಾಯಿಯ ಅಣ್ಣ, ಅಂದರೆ ಅವನೂ ಸೋದರಮಾವನೇ. ಮಗುವಿನ ಕಿವಿ ಚುಚ್ಚಿಸುವಾಗ ಸೋದರಮಾವನ ತೊಡೆಯೇ ಆಗಬೇಕೆನ್ನುವ ನಮಗೆ ಈ ಸಂಬಂಧ ಬೇಗ ಅರ್ಥವಾಗುತ್ತದೆ. ಸಲುಗೆಯೂ ಉಂಟು, ಜವಾಬ್ದಾರಿಯೂ ಉಂಟು. ಚಿತ್ರ ತಯಾರಕರಿಗೆ ಅನುಕೂಲವಾದದ್ದೂ ಅದೇ ಎಂದು ತೋರುತ್ತದೆ. ಹೆತ್ತ ಅಪ್ಪನನ್ನು ಮಕ್ಕಳು ಪೇಚಿಗೆ ಸಿಲುಕಿಸಿ ನಗುವುದನ್ನು 1938ರ ಪ್ರೇಕ್ಷಕರು ಸುಲಭವಾಗಿ ಒಪ್ಪುತ್ತಿರಲಿಲ್ಲ. ಮಾವನಾದರೆ ಅಡ್ಡಿಯಿಲ್ಲ.

ನಿಸರ್ಗದಲ್ಲಿ ಇದು ತಿರುಗುಮುರುಗು. ಡೊನಾಲ್ಡನಂಥ ಬಿಳಿ ಬಾತುಗಳ ಮೂಲವಾದ ಮಲಾರ್ಡ್ ಎಂಬ ಕಾಡುಬಾತಿನಲ್ಲಿ, ಹೆಣ್ಣು ಕಾವಿಗೆ ಕುಳಿತ ಮೇಲೆ ಗಂಡು ಜಾಗ ಖಾಲಿ ಮಾಡುತ್ತದೆ. ಮರಿಗಳನ್ನು ನೀರಿಗಿಳಿಸಿ ಸಾಕುವುದೆಲ್ಲ ತಾಯಿ ಒಬ್ಬಳದೇ ಕೆಲಸ. ಸಿನಿಮಾದ ಬಾತುಗಳಲ್ಲಿ ನಾಪತ್ತೆಯಾದವಳು ಅವಳು.

ತಾತ್ಕಾಲಿಕವಾಗಿ ಬಂದ ಹುಡುಗರು ಹಿಂದಿರುಗಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಜನ ಆದಾಯ ತೆರಿಗೆ ಕಟ್ಟುವಂತೆ ಪ್ರೇರೇಪಿಸಲು ಅಮೆರಿಕದ ಖಜಾನೆ ಇಲಾಖೆ ಡಿಸ್ನಿಯಿಂದ ‘ದಿ ನ್ಯೂ ಸ್ಪಿರಿಟ್’ ಎಂಬ ಚಿತ್ರ ಮಾಡಿಸಿತು. ಅದರಲ್ಲಿ ತೆರಿಗೆ ನಮೂನೆ ತುಂಬುವ ಡೊನಾಲ್ಡ್ ತನ್ನನ್ನು ನಂಬಿಕೊಂಡವರೆಂದು ಈ ಮೂವರನ್ನೇ ತೋರಿಸುತ್ತಾನೆ. ಸರಕಾರದ ಕಾಗದದಲ್ಲೂ ಅವನು ಸಂಸಾರಸ್ಥನಾದ.

ಈ ಮಾವಂದಿರ ಲೋಕವನ್ನು ಮಕ್ಕಳ ಆಟವೆಂದು ಎಲ್ಲರೂ ಬಿಡಲಿಲ್ಲ. 1971ರಲ್ಲಿ ಚಿಲಿ ದೇಶದಲ್ಲಿ ಏರಿಯಲ್ ಡಾರ್ಫ್‌ಮನ್ ಮತ್ತು ಅರ್ಮಾಂಡ್ ಮ್ಯಾಟಲಾರ್ಟ್ ಎಂಬಿಬ್ಬರು ಲೇಖಕರು ಡಿಸ್ನಿಯ ಚಿತ್ರಕಥಾ ಪುಸ್ತಕಗಳನ್ನು ವಿಶ್ಲೇಷಿಸಿ ಒಂದು ಕೃತಿ ಪ್ರಕಟಿಸಿದರು. ಅವರು ಎತ್ತಿದ ಪ್ರಶ್ನೆಗಳಲ್ಲಿ ಇದೂ ಒಂದು: ಇಲ್ಲಿ ಎಲ್ಲರೂ ಮಾವ ಇಲ್ಲವೇ ಅಳಿಯ, ಹೆತ್ತವರೆಲ್ಲಿ? ಹುಟ್ಟು, ದುಡಿಮೆ, ಇತಿಹಾಸ ಯಾವುದೂ ಇಲ್ಲದ ಈ ಲೋಕದಲ್ಲಿ ಉಳಿಯುವುದು ಅಧಿಕಾರ ಮತ್ತು ಹಣ ಮಾತ್ರ, ಬಡ ದೇಶಗಳ ಮಕ್ಕಳಿಗೆ ಅದನ್ನೇ ಸಹಜವೆಂದು ಕಲಿಸಲಾಗುತ್ತಿದೆ ಎಂಬುದು ಅವರ ವಾದ. 1973ರಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡಾಗ ಆ ಪುಸ್ತಕವನ್ನು ಸುಟ್ಟರು, ಪ್ರತಿಗಳನ್ನು ಸಮುದ್ರಕ್ಕೆ ಎಸೆದರು. ಲೇಖಕರು ದೇಶ ಬಿಡಬೇಕಾಯಿತು. ವಾದ ಅತಿಯಾಯಿತೆಂದು ಅನ್ನಿಸಬಹುದು. ಡೊನಾಲ್ಡ್ ಸದಾ ಸೋಲುವ ಬಡವ ಎಂಬುದನ್ನು ಅವರು ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ ಎಂದೇ ನನ್ನ ಅನಿಸಿಕೆ. ಆದರೆ ಹೆತ್ತವರ ಕುರಿತ ಅವರ ಪ್ರಶ್ನೆ ನ್ಯಾಯವಾದದ್ದೇ.

1987ರ ಡಕ್ ಟೇಲ್ಸ್ ಅದಕ್ಕೆ ಉತ್ತರಿಸಲಿಲ್ಲ. ಡೊನಾಲ್ಡ್ ನೌಕಾಪಡೆ ಸೇರುತ್ತಾನೆ, ಹುಡುಗರು ಒಬ್ಬ ಮಾವನಿಂದ ಇನ್ನೊಬ್ಬ ಮಾವನ ಮನೆಗೆ ವರ್ಗವಾಗುತ್ತಾರೆ, ಅಷ್ಟೆ. ಮಾಯಾದೀಪದ ಕಥೆಯುಳ್ಳ 1990ರ ಪೂರ್ಣಪ್ರಮಾಣದ ಚಲನಚಿತ್ರದಲ್ಲೂ ದೀಪದ ಭೂತವನ್ನು ಏನೆಲ್ಲ ಬೇಡುವ ಮಕ್ಕಳು ಅಮ್ಮನನ್ನು ಬೇಡುವುದಿಲ್ಲ.

ಉತ್ತರ ದೊರೆತದ್ದು 2017ರಲ್ಲಿ ಸರಣಿ ಹೊಸದಾಗಿ ಆರಂಭವಾದಾಗ. ಮೊದಲ ಕಂತಿನ ಕೊನೆಗೇ ಡ್ಯೂಯಿಗೆ ಹಳೆಯ ಚಿತ್ರವೊಂದರಲ್ಲಿ ಅಮ್ಮ ಕಾಣಿಸುತ್ತಾಳೆ. ಡೊನಾಲ್ಡನ ಅವಳಿ ಸೋದರಿ ಡೆಲ್ಲಾ, ಸಾಹಸಿ ವಿಮಾನ ಚಾಲಕಿ. ಮೊಟ್ಟೆಗಳು ಒಡೆಯುವ ಮುನ್ನವೇ ಸ್ಕ್ರೂಜ್ ಕಟ್ಟಿಸಿದ ರಾಕೆಟ್ ಏರಿ ಹೋಗಿ ಚಂದ್ರನ ಮೇಲೆ ಸಿಕ್ಕಿಬಿದ್ದವಳು. ಅದೇ ಕಾರಣಕ್ಕೆ ಡೊನಾಲ್ಡ್ ಹತ್ತು ವರ್ಷ ಸ್ಕ್ರೂಜ್ ಜತೆ ಮಾತು ಬಿಟ್ಟಿದ್ದ. 2019ರಲ್ಲಿ ಅವಳು ಮನೆಗೆ ಮರಳಿದಾಗ ಮೂವರೂ ಒಂದೇ ರೀತಿ ಸ್ವಾಗತಿಸುವುದಿಲ್ಲ. ಲೂಯಿಗೆ ಅವಳು ಹಾಕುವ ಶಿಸ್ತು ಹಿಡಿಸುವುದಿಲ್ಲ. ತಂದೆಯ ವಿಚಾರ ಆ ಸರಣಿಯಲ್ಲೂ ಬರುವುದಿಲ್ಲ.

ಬೇರೆ ಸಂಸ್ಥೆ ತಯಾರಿಸಿದ, 2023ರಲ್ಲಿ ತೆರೆಕಂಡ ‘ಮೈಗ್ರೇಷನ್’ ಚಿತ್ರದ ಮಲಾರ್ಡ್ ಕುಟುಂಬದಲ್ಲಿ ಅಪ್ಪ, ಅಮ್ಮ, ಮಗ, ಮಗಳು ಎಲ್ಲರೂ ಇದ್ದಾರೆ. ಕೊಳ ಬಿಟ್ಟು ಹೊರಡಲು ಅಂಜುವವನು ಅಪ್ಪ, ಹೊರಡಿಸುವವಳು ಅಮ್ಮ. ಜತೆಗೆ ಗೊಣಗುತ್ತಲೇ ಬರುವ ಮುದುಕ ಡ್ಯಾನ್ ಆ ಅಪ್ಪನಿಗೆ ಏನಾಗಬೇಕು? ‘ಅಂಕಲ್’. ಸೋದರಮಾವನೋ ಚಿಕ್ಕಪ್ಪನೋ, ಇಂಗ್ಲಿಷ್ ಈ ಸಲವೂ ಬಿಡಿಸಿ ಹೇಳಿಲ್ಲ.